ಬೇಸಿಗೆ ಶಿಬಿರ ಮುಗಿದ ಮೇಲೆ ನಾಟಕ ಶಾಲೆಯಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವುದು ಹೇಗೆ?

ಅರೆತೆರೆ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ರಂಗಶಿಕ್ಷಣದಲ್ಲಿ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ತಂಡಗಳೊಂದಿಗೆ ತಿರುಗಾಡಿದ ನಂತರ, ಕಳೆದ ಏಪ್ರಿಲ್‌ನಲ್ಲಿ ಸಮುದಾಯ ಭವನವೊಂದರ ಮೇಲಂತಸ್ತನ್ನು ಬಾಡಿಗೆಗೆ ಹಿಡಿದು ಮಕ್ಕಳ ನಾಟಕ ಶಾಲೆಯನ್ನು ಆರಂಭಿಸಿದ್ದೇನೆ. ಬೇಸಿಗೆ ಶಿಬಿರಕ್ಕೆ 26 ಮಕ್ಕಳು ಬಂದಿದ್ದರು. ಜೂನ್‌ನಲ್ಲಿ ಶಾಲೆಗಳು ತೆರೆದ ಮೇಲೆ ಶನಿವಾರ, ಭಾನುವಾರದ ತರಗತಿಗೆ ಉಳಿದವರು 11 ಮಂದಿ. ತಲಾ 800 ರೂಪಾಯಿಯಂತೆ ತಿಂಗಳಿಗೆ ಬರುವ 8,800 ರೂಪಾಯಿ, ಭವನದ 9,000 ರೂಪಾಯಿ ಬಾಡಿಗೆಗೂ ಸಾಲುತ್ತಿಲ್ಲ.

ಆದರೂ ನನ್ನನ್ನು ಹೆಚ್ಚು ಕಾಡುತ್ತಿರುವುದು ಪಾಲಕರ ಒಂದೇ ಪ್ರಶ್ನೆ: ‘ಮುಂದಿನ ಶೋ ಯಾವಾಗ?’ ನಾಟಕ ಹಾಕಲು ಹೊರಟರೆ ಆರು ವಾರ ಮಾತು ಬಾಯಿಪಾಠ ಮಾಡಿಸುವುದರಲ್ಲೇ ಕಳೆಯುತ್ತದೆ, ಮಕ್ಕಳು ನನ್ನದೇ ಧ್ವನಿಯ ಏರಿಳಿತದಲ್ಲಿ ಗಿಣಿಪಾಠ ಒಪ್ಪಿಸುತ್ತಾರೆ. ಸದ್ಯಕ್ಕೆ ನಾಟಕ ಬೇಡವೆಂದರೆ ಮಕ್ಕಳೇ ಬರುವುದಿಲ್ಲ. 6ರಿಂದ 14 ವರ್ಷದವರೆಲ್ಲ ಒಂದೇ ತರಗತಿಯಲ್ಲಿದ್ದಾರೆ. ಪ್ರದರ್ಶನವಿಲ್ಲದೆ ಇಂಥ ಶಾಲೆಯನ್ನು ನಡೆಸಲು ಸಾಧ್ಯವೇ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಸೈಡ್‌ವಿಂಗ್, ಮೈಸೂರು:

ತಮ್ಮ ಸಂಕಟವನ್ನು ನಾನೂ ಪಟ್ಟಿದ್ದೇನೆ. ನಮ್ಮಲ್ಲಿ ಮಕ್ಕಳ ರಂಗಭೂಮಿ ಎಂದರೆ ಬಹುಮಟ್ಟಿಗೆ ಬೇಸಿಗೆ ಶಿಬಿರ ಎಂಬಂತಾಗಿದೆ. ಇಲ್ಲಿನ ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಗಳಿಂದ ಎಷ್ಟೋ ಮನೆಗಳಿಗೆ ನಾಟಕದ ಗಾಳಿ ತಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಬಿರವೆಂಬುದು ಜಾತ್ರೆ, ವಾರದ ತರಗತಿಯೆಂಬುದು ಸಂತೆ. ಜಾತ್ರೆಯ ಲೆಕ್ಕದಲ್ಲಿ ಸಂತೆ ನಡೆಸಲು ಹೊರಟರೆ ನಷ್ಟ ಖಂಡಿತ.

ಮೊದಲು ತರಗತಿಯನ್ನು ಎರಡು ಮಾಡಿ. ಹತ್ತು ವರ್ಷದೊಳಗಿನವರಿಗೆ ಒಂದು ಗಂಟೆ ಸಾಕು, ಅದೂ ಆಟ, ಹಾಡು, ಕತೆಗಳಲ್ಲೇ ಮುಗಿಯಬೇಕು. ದೊಡ್ಡವರಿಗೂ ಮೊದಲ ಕೆಲವು ತಿಂಗಳು ಸ್ಕ್ರಿಪ್ಟ್ ಕೈಗೆ ಕೊಡಬೇಡಿ. ಕೈಯಲ್ಲಿ ಕಾಗದವಿದ್ದರೆ ಮಗು ಎದುರಿನವನ ಮುಖವನ್ನು ನೋಡುವುದಿಲ್ಲ, ತನ್ನ ಮಾತಿನ ಸರದಿಯನ್ನಷ್ಟೇ ಕಾಯುತ್ತದೆ. ತಾವು ಹೇಳಿದ ಗಿಣಿಪಾಠದ ಮೂಲ ಅಲ್ಲಿದೆ ಎಂದು ನನ್ನ ಅನಿಸಿಕೆ.

ಒಂದು ದಿನ ನಡುವೆ ಕೆಂಪು ಟವೆಲೊಂದನ್ನು ಇಟ್ಟು, ‘ಇದು ಟವೆಲಲ್ಲ, ಏನೆಂದು ಮಾತಾಡದೆ ತೋರಿಸಿ’ ಎಂದಿದ್ದೆ. ಹಾವು ಬಂತು, ಆನೆಯ ಸೊಂಡಿಲು ಬಂತು, ಬಾವಿಯ ಹಗ್ಗ ಬಂತು. ಅದುವರೆಗೆ ಮೂಲೆ ಬಿಟ್ಟು ಏಳದಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಎದ್ದುಬಂದು, ಅದನ್ನು ಮಡಿಸಿ, ಮಡಿಲಲ್ಲಿಟ್ಟುಕೊಂಡು, ತುದಿಯನ್ನು ಸ್ವಲ್ಪವೇ ಸರಿಸಿ ಒಳಗೆ ಇಣುಕಿದಳು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ ತುಟಿಗೆ ಬೆರಳಿಟ್ಟಳು. ಹಸುಗೂಸು ಮಲಗಿತ್ತು. ಇಪ್ಪತ್ತು ಮಕ್ಕಳ ಗದ್ದಲ ತಾನಾಗಿ ನಿಂತಿತು. ಆ ವರ್ಷದ ನಮ್ಮ ನಾಟಕ ಹುಟ್ಟಿದ್ದು ಅಲ್ಲಿಂದ. ಮಾತುಗಳನ್ನು ಬರೆದುಕೊಂಡದ್ದು ಕೊನೆಯ ಮೂರು ವಾರಗಳಲ್ಲಿ.

ಪಾಲಕರಿಗೆ ಇದನ್ನು ವಿವರಿಸುವುದಕ್ಕಿಂತ ತೋರಿಸುವುದು ಸುಲಭ. ತಿಂಗಳ ಕೊನೆಯ ಶನಿವಾರ ತರಗತಿಯ ಕಡೆಯ ಇಪ್ಪತ್ತು ನಿಮಿಷ ಅವರನ್ನು ಒಳಗೆ ಕೂರಿಸಿಕೊಳ್ಳಿ. ವೇಷ, ಲೈಟು, ಮೈಕು ಯಾವುದೂ ಬೇಡ. ನಮ್ಮಲ್ಲಿ ಮೂರನೆಯ ತಿಂಗಳಿನ ಹೊತ್ತಿಗೆ ‘ಶೋ ಯಾವಾಗ’ ಎನ್ನುವುದು ನಿಂತು, ‘ಇವನು ಮನೆಯಲ್ಲಿ ಇಷ್ಟು ಮಾತಾಡುವುದೇ ಇಲ್ಲವಲ್ಲ’ ಎನ್ನತೊಡಗಿದರು.

ಚೌಕಿಮನೆ, ಹೊನ್ನಾವರ:

ಮೇಲಿನವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಹೊಸಬರನ್ನು ರಂಗದಿಂದ ಅಷ್ಟು ಕಾಲ ದೂರವಿಡುವುದು ನನಗೆ ಸರಿಕಾಣದು. ಯಕ್ಷಗಾನದ ಹಳೆಯ ಕ್ರಮದಲ್ಲಿ ಪೂರ್ವರಂಗವೇ ಕಲಿಯುವವರ ಶಾಲೆಯಾಗಿತ್ತು. ಕೋಡಂಗಿಯಾಗಿ ಕುಣಿದ ಹುಡುಗ ಬಾಲಗೋಪಾಲ, ಪೀಠಿಕೆ ಸ್ತ್ರೀವೇಷಗಳನ್ನು ದಾಟಿ ಪ್ರಸಂಗದ ವೇಷಕ್ಕೆ ಬರುತ್ತಿದ್ದ. ಪ್ರಸಂಗ ಇನ್ನೂ ಆರಂಭವಾಗದ ಹೊತ್ತಾದ್ದರಿಂದ ಹೆಜ್ಜೆ ತಪ್ಪಿದರೆ ಕತೆ ಕೆಡುತ್ತಿರಲಿಲ್ಲ. ಆದರೆ ಕಾಲಿನ ಗೆಜ್ಜೆ, ಮುಖದ ಬಣ್ಣ, ಭಾಗವತರ ತಾಳ, ಎದುರಿಗೆ ಕುಳಿತ ಜನ ಎಲ್ಲವೂ ನಿಜವಾದದ್ದೇ. ಆ ಅಳುಕನ್ನು ತರಗತಿಯ ನಾಲ್ಕು ಗೋಡೆಗಳ ನಡುವೆ ಕಲಿಸಲಾಗದು.

ಆದ್ದರಿಂದ ಎರಡು ಗಂಟೆಯ ವಾರ್ಷಿಕ ನಾಟಕದ ಬದಲು ಹತ್ತು ನಿಮಿಷದ ತುಣುಕುಗಳನ್ನು ಕಟ್ಟಿ, ಗಣೇಶೋತ್ಸವದ ಪೆಂಡಾಲಿನಲ್ಲೋ ಹವ್ಯಾಸಿ ತಂಡದವರ ನಾಟಕಕ್ಕೆ ಮೊದಲೋ ಆಡಿಸಿ. ಮುಖ್ಯ ಪಾತ್ರದ ಜಗಳವೂ ಅದರಿಂದ ತಪ್ಪುತ್ತದೆ. ಇನ್ನೊಂದು ಮಾತು. ತಮ್ಮ ಜಿಲ್ಲೆಯಲ್ಲೇ, ಸಾಗರದ ಬಳಿಯ ಹೆಗ್ಗೋಡಿನಲ್ಲಿ, 1949ರಲ್ಲಿ ಆರಂಭವಾದ ನೀನಾಸಮ್ ರಂಗಸಂಸ್ಥೆ ಇದೆ. ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ತಮ್ಮೂರಿಗೆ ಬಂದಾಗ ಮಕ್ಕಳಿಗೆ ನಾಟಕವನ್ನು ಮಾತ್ರವಲ್ಲ, ಅನುಮತಿ ಪಡೆದು ಮಧ್ಯಾಹ್ನವೇ ಹೋಗಿ ಸೆಟ್ ಕಟ್ಟುವುದನ್ನೂ ತೋರಿಸಿ. ಮೊಳೆ ಹೊಡೆಯುವವನೇ ರಾತ್ರಿ ರಾಜನಾಗುವುದನ್ನು ಕಂಡ ಹುಡುಗರು ಪಾತ್ರಕ್ಕಾಗಿ ಹಟ ಹಿಡಿಯುವುದು ಕಡಿಮೆ.

ಪ್ರೇಕ್ಷಕಿ, ದಾವಣಗೆರೆ:

ನಾನು ವಕೀಲೆ, ನಾಟಕ ಕಲಿಯುತ್ತಿರುವ ಇಬ್ಬರು ಮಕ್ಕಳ ತಾಯಿ. ಪೆಂಡಾಲಿನ ಸಲಹೆ ಬಂದುದರಿಂದ ಇಷ್ಟನ್ನು ಸೇರಿಸುತ್ತೇನೆ. ವಿದ್ಯಾಸಂಸ್ಥೆಯ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ಮತ್ತು ಪಾಲಕರ ಎದುರಿಗೆ ಆಡುವ ನಾಟಕಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಊರಿನವರನ್ನೆಲ್ಲ ಕರೆದು ಆಡುವುದಕ್ಕೆ ಅದು ಒದಗುವುದಿಲ್ಲ. ಲೇಖಕರು ತೀರಿಕೊಂಡು 60 ವರ್ಷವಾಗುವವರೆಗೆ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳಿಗೆ ಈಗ ಆ ನಿರ್ಬಂಧವಿಲ್ಲ. ಕುವೆಂಪು ಅವರ ಕೃತಿಗಳಿಗೆ ಇನ್ನೂ ಇದೆ. ಮಕ್ಕಳೇ ಕಟ್ಟಿದ ತುಣುಕಾದರೆ ಈ ತೊಡಕೇ ಇಲ್ಲ. ಮಕ್ಕಳು ಬಟ್ಟೆ ಬದಲಿಸುವ ಜಾಗದಲ್ಲಿ ಯಾವಾಗಲೂ ಇಬ್ಬರು ಹಿರಿಯರಿರಲಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆ ಬೇಕೇ ಬೇಕು. ಪಾಲಕರಿಂದ ಲಿಖಿತ ಒಪ್ಪಿಗೆ ಪಡೆಯದೆ ಫೋಟೊಗಳನ್ನು ಹಂಚಿಕೊಳ್ಳಬೇಡಿ.

ಅರೆತೆರೆ, ಶಿವಮೊಗ್ಗ:

ಮೂವರಿಗೂ ಕೃತಜ್ಞತೆಗಳು. ಇನ್ನೂ ಬಣ್ಣ ಹಚ್ಚಿ ನಿಲ್ಲುವಷ್ಟು ಧೈರ್ಯ ನನಗೂ ಮಕ್ಕಳಿಗೂ ಬಂದಿಲ್ಲವಾದ್ದರಿಂದ, ಪೆಂಡಾಲನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಈ ತಿಂಗಳು ಇಪ್ಪತ್ತು ನಿಮಿಷದ ತೆರೆದ ತರಗತಿಯನ್ನೇ ಮಾಡುತ್ತೇನೆ. ಆ ಶನಿವಾರ ಕೆಳಗಿನ ಹಾಲ್‌ನಲ್ಲಿ ಆರತಕ್ಷತೆ, ಮೇಲಂತಸ್ತಿನಲ್ಲಿ ಊಟದ ಪಂಕ್ತಿ ಎಂದು ಭವನದವರು ನಿನ್ನೆ ತಿಳಿಸಿದ್ದಾರೆ. ಟೆರೇಸಿನ ಬೀಗದ ಕೈ ಕೇಳಿದ್ದೇನೆ. ಟವೆಲು ಮನೆಯಿಂದ ತರುತ್ತೇನೆ.