ಪ್ರಶ್ನೋತ್ತರ: ಅಂಗವಿಕಲರ ಹಕ್ಕುಗಳ ಕೆಲಸಕ್ಕೆ ಬರುವುದು ಹೇಗೆ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಎಂಎಸ್‌ಡಬ್ಲ್ಯೂ ಕೊನೆಯ ವರ್ಷದಲ್ಲಿದ್ದೇನೆ. ವೀಲ್‌ಚೇರ್ ಬಳಸುತ್ತೇನೆ. ಅಂಗವಿಕಲರು ಊರಲ್ಲೇ ತಮ್ಮಿಷ್ಟದಂತೆ ಬದುಕುವ ಬಗ್ಗೆ ಸಂಶೋಧನೆ ಮಾಡುವಾಸೆ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇಲ್ಲದಿದ್ದರೆ ಯಾರೂ ಕೆಲಸ ಕೊಡಲ್ಲ ಅಂತಾರೆ, ನಿಜವಾ?

ಉತ್ತರ: ಸ್ಪೀಚ್ ಥೆರಪಿ, ವಿಶೇಷ ಶಿಕ್ಷಣದಂಥ ಕೆಲಸಕ್ಕೆ ಆ ನೋಂದಣಿ ಬೇಕು. ಹಕ್ಕುಗಳ ಕೆಲಸಕ್ಕೆ, ಸಂಶೋಧನೆಗೆ ಬೇಕಿಲ್ಲ. ಬೇಕಿರುವುದು ಕಾಯ್ದೆ ಓದುವ ತಾಳ್ಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 5 ತೆಗೆಯಿರಿ. ಎಲ್ಲರ ನಡುವೆ ಬದುಕುವ ಹಕ್ಕಿದೆ ಅನ್ನುತ್ತದೆ. ಆದರೆ ಯಾರನ್ನೂ ಇಂಥಲ್ಲೇ ಇರಿ ಅನ್ನದಂತೆ, ವೈಯಕ್ತಿಕ ಸಹಾಯಕರು ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕು ಅಂತಷ್ಟೇ ಇದೆ. ಒಂದು ರೂಪಾಯಿ ಬಜೆಟ್ ಇಡದೆಯೂ ಪ್ರಯತ್ನಿಸಿದೆವು ಅನ್ನಬಹುದು, ಅಲ್ವಾ? ಅದನ್ನು ದುಡ್ಡು, ಆದೇಶದ ಮಟ್ಟಕ್ಕೆ ತರುವುದೇ ನಮ್ಮ ಕೆಲಸ.

ಆಗುತ್ತಾ ಅಂದರೆ, ಆಗಿದೆ. ಕಟ್ಟಡ, ರಸ್ತೆ, ಬಸ್ಸು ಅಂಗವಿಕಲರಿಗೆ ಬಳಸಲು ಆಗುವಂತಿರಬೇಕೆಂದು ದೃಷ್ಟಿದೋಷವಿರುವ ರಾಜೀವ್ ರತೂರಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರದಿಂದ ವರದಿ ತರಿಸಿಕೊಂಡಿತು. 2024ರ ನವೆಂಬರ್‌ನಲ್ಲಿ, ಈ ಕಾಯ್ದೆಯಡಿ ಸರ್ಕಾರ ಮಾಡಿದ, ಬರೀ ಸಲಹೆಗಳನ್ನು ಕೊಡುವ 15ನೇ ನಿಯಮ ಕಾಯ್ದೆಗೇ ವಿರುದ್ಧ, ಕಡ್ಡಾಯ ನಿಯಮ ಮಾಡಿ ಅಂದಿತು.

ಪ್ರಶ್ನೆ: ಸಂಶೋಧನೆ ಅಂದರೆ ದಿನಾ ಏನು ಮಾಡ್ತೀರಿ?

ಉತ್ತರ: ಜಾಸ್ತಿ ಹೊತ್ತು ಜನರ ಮನೆಯಲ್ಲೇ. ಬೆಳಿಗ್ಗೆ ಎಬ್ಬಿಸುವವರು ಯಾರು? ಸ್ನಾನಕ್ಕೆ? ಅವರಿಗೆ ಜ್ವರ ಬಂದರೆ? ಎಷ್ಟು ಹೊತ್ತಿಗೆ ಮಲಗಬೇಕೆಂದು ತೀರ್ಮಾನಿಸುವವರು ಯಾರು? ಸಹಾಯದ ಗಂಟೆಗಳನ್ನು ಲೆಕ್ಕ ಹಾಕುತ್ತೇವೆ. ಆ ಗಂಟೆಗಳಿಗಾಗಿ ಅಕ್ಕನೋ ಅಮ್ಮನೋ ಬಿಟ್ಟ ಕೂಲಿಯನ್ನೂ ಬರೆದುಕೊಳ್ಳುತ್ತೇವೆ. ಇಲಾಖೆಯವರು ಕಣ್ಣೀರಿಗಿಂತ ಈ ಲೆಕ್ಕವನ್ನು ಬೇಗ ಓದುತ್ತಾರೆ. ಕಷ್ಟ ಎಲ್ಲಿ ಗೊತ್ತಾ? ಮಗಳನ್ನು ಕೇಳಿದರೆ ಅಪ್ಪ ಉತ್ತರ ಕೊಡುತ್ತಾರೆ. ಕಾಫಿ ನೆಪದಲ್ಲಿ ಅವರನ್ನು ಆಚೆ ಕರೆದೊಯ್ಯಲು ಜೊತೆಗೊಬ್ಬರು ಬೇಕೇ ಬೇಕು!

ಶುರು ಮಾಡಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಜೊತೆ ಓಡಾಡಿ. ಗೌರವಧನದಲ್ಲಿ ದುಡಿಯುವ ಅವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಗೊತ್ತು. ಮುಂದೆ ಓದಬೇಕೆನಿಸಿದರೆ ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ನೋಡಿ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ). ಅವಳಿಗೂ ಇದೇ ಆಸೆ. ಸಂಬಳ, ಓಡಾಟ ಹೇಗೆ?

ಉತ್ತರ: ಸರ್, ಹೆಚ್ಚಿನ ಕೆಲಸ ಪ್ರಾಜೆಕ್ಟ್ ಲೆಕ್ಕದ್ದು. ಪ್ರಾಜೆಕ್ಟ್ ಮುಗಿದರೆ ಸಂಬಳವೂ ನಿಲ್ಲುತ್ತದೆ. ಸೇರುವ ಮೊದಲೇ ಅವಳೇ ಕೇಳಲಿ: ಶೌಚಾಲಯ ಹೇಗಿದೆ, ಹಳ್ಳಿಗೆ ಹೋಗಲು ವಾಹನ ಯಾರದು. (ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಅಂಗವಿಕಲರ ಕೆಲಸ ಮಾಡುವವರೂ ಇದ್ದಾರೆ.) ಸೆಕ್ಷನ್ 21ರ ಪ್ರಕಾರ ಸಂಸ್ಥೆಗಳು ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅದರ ಪ್ರತಿಯನ್ನೂ ಕೇಳಲಿ. ಸಹಾಯಕರ ಟಿಕೆಟ್ ಖರ್ಚನ್ನು ಮಾತ್ರ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಲಿ. ಬಾಯಿಮಾತಲ್ಲಿ ಬಿಟ್ಟರೆ ಅದು ಅವಳ ಸಂಬಳದಿಂದಲೇ ಹೋಗುತ್ತದೆ.