ಕ್ಯಾಲ್ಸಿಯಂ ಸ್ಕೋರ್ 620, ಆದರೆ ಎಫ್‌ಎಫ್‌ಆರ್ 0.84: ಯಾವುದನ್ನು ನಂಬಬೇಕು?

ಪ್ರಶ್ನೆ
ನಮ್ಮ ತಂದೆಯವರಿಗೆ 66 ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದೆ. ಸಿಟಿ ವರದಿಯಲ್ಲಿ ಕ್ಯಾಲ್ಸಿಯಂ ಸ್ಕೋರ್ 620 ಎಂದೂ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳವಾದ ಎಲ್‌ಎಡಿಯಲ್ಲಿ ಶೇ 70ರಷ್ಟು ಬ್ಲಾಕ್ ಇದೆಯೆಂದೂ ಬರೆದಿತ್ತು. ಆಂಜಿಯೋಗ್ರಾಮ್ ವೇಳೆ ಒತ್ತಡ ಅಳೆಯುವ ತಂತಿ ಹಾಕಿ ನೋಡಿದ ವೈದ್ಯರು, ಎಫ್‌ಎಫ್‌ಆರ್ (ಬ್ಲಾಕಿನ ಆಚೆಯ ಒತ್ತಡಕ್ಕೂ ಈಚೆಯ ಒತ್ತಡಕ್ಕೂ ಇರುವ ಅನುಪಾತ) 0.84 ಬಂದಿರುವುದರಿಂದ ಸ್ಟೆಂಟ್ ಬೇಡ, ಮಾತ್ರೆ ಸಾಕು ಎಂದಿದ್ದಾರೆ. ಇಷ್ಟು ಗಡುಸಾದ ನಾಳದಲ್ಲಿ ರಕ್ತ ಸರಾಗವಾಗಿ ಹರಿಯುತ್ತದೆಯೇ? ಅಳತೆಯೇ ತಪ್ಪಿರಬಹುದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1
ಸ್ಕೋರ್ ಹೇಳುವುದು ನಾಳದ ಗೋಡೆಯಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಎಂಬುದನ್ನು ಮಾತ್ರ. ಒಳದಾರಿ ಎಷ್ಟು ಕಿರಿದಾಗಿದೆ ಎಂಬುದನ್ನಲ್ಲ. ಗೋಡೆಯಲ್ಲಿ ಕೊಬ್ಬು ಸೇರುತ್ತಾ ಹೋದಂತೆ ನಾಳವು ಮೊದಮೊದಲು ಹೊರಕ್ಕೆ ಹಿಗ್ಗಿ ಒಳದಾರಿಯನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಜೊತೆಗೆ, ಸಿಟಿ ಚಿತ್ರದಲ್ಲಿ ಕ್ಯಾಲ್ಸಿಯಂ ತನ್ನ ನಿಜವಾದ ಗಾತ್ರಕ್ಕಿಂತ ಉಬ್ಬಿ ಕಾಣುವುದರಿಂದ ಬ್ಲಾಕ್ ಇರುವುದಕ್ಕಿಂತ ಹೆಚ್ಚಾಗಿ ತೋರುವುದುಂಟು. ಎಫ್‌ಎಫ್‌ಆರ್ ಹಾಗಲ್ಲ. ಹೃದಯದ ಸೂಕ್ಷ್ಮ ನಾಳಗಳನ್ನು ತೆರೆಸುವ ಅಡಿನೋಸಿನ್ ಔಷಧಿ ಕೊಟ್ಟು ಹರಿವನ್ನು ಗರಿಷ್ಠ ಮಟ್ಟಕ್ಕೆ ಏರಿಸಿದಾಗ ಮಹಾಪಧಮನಿಯಲ್ಲಿ ಸರಾಸರಿ ಒತ್ತಡ 100 ಇದ್ದು, ಬ್ಲಾಕಿನ ಆಚೆ 84 ಉಳಿದರೆ ಅದೇ 0.84. ಈ ಸಂಖ್ಯೆ 0.80 ಅಥವಾ ಅದಕ್ಕಿಂತ ಕೆಳಗಿದ್ದಾಗ ಮಾತ್ರ ಸಾಮಾನ್ಯವಾಗಿ ಸ್ಟೆಂಟಿನ ಮಾತು ಬರುತ್ತದೆ.

ಉತ್ತರ 2
ನಾನು ಆಂಜಿಯೋಗ್ರಾಮ್ ಮಾಡುವ ಕ್ಯಾತ್‌ಲ್ಯಾಬ್‌ನ ತಂತ್ರಜ್ಞ. ಮೇಲಿನವರ ವಿವರಣೆ ಸರಿ; ಆದರೂ ನಿಮ್ಮ ಅನುಮಾನವನ್ನು ಹಗುರವಾಗಿ ಕಾಣುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಹೃದಯದ ಸೂಕ್ಷ್ಮ ನಾಳಗಳು ಹಾಳಾಗಿದ್ದರೆ ಅಡಿನೋಸಿನ್ ಕೊಟ್ಟರೂ ಅವು ಪೂರ್ತಿ ತೆರೆದುಕೊಳ್ಳುವುದಿಲ್ಲ. ಹರಿವು ಏರದಿದ್ದರೆ ಬ್ಲಾಕಿನ ಆಚೆ ಒತ್ತಡವೂ ಇಳಿಯುವುದಿಲ್ಲ, ಆಗ ಎಫ್‌ಎಫ್‌ಆರ್ ನಿಜಕ್ಕಿಂತ ಚೆನ್ನಾಗಿರುವಂತೆ ಕಾಣುತ್ತದೆ. ತಂತಿಯನ್ನು ಒಳಕ್ಕೆ ಒಯ್ಯುವ ಕೊಳವೆಯಾದ ಕ್ಯಾಥೆಟರಿನ ತುದಿ ನಾಳದ ಬಾಯಿಗೆ ಸಿಕ್ಕಿಕೊಂಡರೂ ಇದೇ ಬಗೆಯ ತಪ್ಪಾಗುತ್ತದೆ. ಇನ್ನು ಗಡುಸಾದ, ಅಂಕುಡೊಂಕಾದ ನಾಳದಲ್ಲಿ ತಂತಿಯನ್ನು ತಳ್ಳಿ ತಿರುಗಿಸುವಷ್ಟರಲ್ಲಿ ಅದರ ಅಳತೆ ಸರಿದುಹೋಗಿರಬಹುದು. ಅದಕ್ಕಾಗಿಯೇ ಕೊನೆಯಲ್ಲಿ ತಂತಿಯ ಸೆನ್ಸರನ್ನು ಕ್ಯಾಥೆಟರಿನ ತುದಿಯವರೆಗೆ ಹಿಂದಕ್ಕೆ ಎಳೆದು, ಎರಡೂ ಒತ್ತಡಗಳು ಸಮನಾಗಿವೆಯೇ ಎಂದು ನೋಡುತ್ತೇವೆ. ಅನುಪಾತ 1.00ರ ಹತ್ತಿರವೇ ಇರಬೇಕು, 0.03ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಎರಡೂ ಒತ್ತಡಗಳ ಅಳತೆಯನ್ನು ಮತ್ತೆ ಸಮ ಮಾಡಿ ಅಳೆಯುವುದೇ ಸರಿಯಾದ ಕ್ರಮ. ಹೀಗೆ ಎಳೆದು ನೋಡಿದ್ದರೇ ಎಂದು ವೈದ್ಯರನ್ನು ವಿನಯದಿಂದ ಕೇಳಿ. ಅದು ಕೇಳಬಾರದ ಪ್ರಶ್ನೆಯೇನಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಎಫ್‌ಎಫ್‌ಆರ್ ಸರಿಯೆಂದಾದರೆ ಸ್ಕೋರನ್ನು ಮರೆತುಬಿಡಬಹುದೇ?

ಉತ್ತರ 1
ಖಂಡಿತ ಬೇಡ. 0.84 ಹೇಳುವುದು ಆ ಒಂದು ನಾಳದ ಇಂದಿನ ಹರಿವನ್ನು. 400 ದಾಟಿದ ಸ್ಕೋರ್ ಹೇಳುವುದು ಮುಂದೆ ಹೃದಯಾಘಾತವಾಗುವ ಅಪಾಯ ಹೆಚ್ಚಿದೆ ಎಂಬುದನ್ನು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಪ್ಪಿಸಬೇಡಿ. ಮಾತ್ರೆ ತೆಗೆದುಕೊಂಡರೂ ಸ್ಕೋರ್ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಅದನ್ನು ಕಂಡು ಔಷಧಿ ನಿಲ್ಲಿಸಬೇಡಿ. ನಡೆಯುವಾಗ ತಂದೆಯವರಿಗೆ ಎದೆ ಹಿಡಿದಂತಾಗುತ್ತಿದ್ದರೆ ಸೂಕ್ಷ್ಮ ನಾಳಗಳ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ.