ಗಡಿ ಚರ್ಚೆಯಲ್ಲಿ ಕಬ್ಬು ಕಡಿಯುವವರು ಎಲ್ಲಿದ್ದಾರೆ?

ನಿಪ್ಪಾಣಿಯ ಓದುಗ: 1956ರ ರಾಜ್ಯ ಪುನರ್ವಿಂಗಡಣೆ, ಕರ್ನಾಟಕ-ಮಹಾರಾಷ್ಟ್ರ ಗಡಿಯ ಕುರಿತ 1967ರ ಮಹಾಜನ ಆಯೋಗದ ವರದಿ, 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ, ಇವೆಲ್ಲ ಬೆಳಗಾವಿ ಜಿಲ್ಲೆಯವರಿಗೆ ಬಾಯಿಪಾಠ. ಆದರೆ ದೀಪಾವಳಿಯ ಆಸುಪಾಸಿನಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಬಂದು ನಮ್ಮ ಹೊಲಗಳ ಬದುವಿನಲ್ಲಿ ಗುಡಿಸಲು ಹಾಕುವ ಕಬ್ಬಿನ ಕೂಲಿಗಳು ಯಾರ ಹಿತಾಸಕ್ತಿಯ ಲೆಕ್ಕಕ್ಕೆ ಸೇರುತ್ತಾರೆ?

ಅಥಣಿಯ ವಕೀಲ: ಕಾಗದದ ಮೇಲೆ ಸೇರುತ್ತಾರೆ. ಐದು ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರನ್ನು ಕರೆತರುವ ಗುತ್ತಿಗೆದಾರನು ಪರವಾನಗಿ ಪಡೆಯಬೇಕು, ಪ್ರಯಾಣ ಭತ್ಯೆ ಕೊಡಬೇಕು, ವಸತಿ ಒದಗಿಸಬೇಕು ಎಂದು 1979ರ ಕಾಯ್ದೆಯೇ ವಿಧಿಸಿತ್ತು. ಆದರೆ ಮುಕಾದಮನು (ಕೂಲಿಗಳನ್ನು ಕರೆತರುವ ಗುತ್ತಿಗೆದಾರ) ಕೊಟ್ಟ ಮುಂಗಡ ತೀರುವವರೆಗೆ ಗಂಡಹೆಂಡತಿ ಇಬ್ಬರನ್ನೂ ಒಂದೇ 'ಕೊಯ್ತಾ' (ಕುಡುಗೋಲು) ಎಂದು ಎಣಿಸುವ ಪದ್ಧತಿಯನ್ನು ಅದು ಮುಟ್ಟಲಿಲ್ಲ.

ಬೆಳಗಾವಿಯ ಶಿಕ್ಷಕಿ: ಹಾಗೆಂದು ಭಾಷಾ ಗಡಿಯನ್ನು ಹಗುರವಾಗಿ ಕಾಣಲಾಗದು. ಪಹಣಿಯನ್ನು ತನ್ನ ನುಡಿಯಲ್ಲಿ ಓದಿಕೊಳ್ಳಬಲ್ಲ ರೈತನಿಗೆ ತಲಾಠಿಯ (ಗ್ರಾಮ ಲೆಕ್ಕಿಗನ) ಮುಂದೆ ಕೈಮುಗಿದು ನಿಲ್ಲುವ ಪ್ರಸಂಗ ಕಡಿಮೆ, ಅದೂ ಸಮಾನತೆಯೇ. ಆದರೆ 1955ರಲ್ಲಿ ಅಂಬೇಡ್ಕರ್ ಅವರು ಒಂದು ರಾಜ್ಯಕ್ಕೆ ಒಂದು ಭಾಷೆ ಎಂಬುದನ್ನು ಒಪ್ಪಿಯೂ, ಭಾಷಾ ರಾಜ್ಯಗಳಲ್ಲಿ ದೊಡ್ಡ ಜಾತಿಗಳೇ ಸಣ್ಣವರನ್ನು ಆಳುವ ಅಪಾಯವಿದೆ ಎಂದು ಎಚ್ಚರಿಸಿದ್ದರು. ಗಡಿಯ ಎರಡೂ ಬದಿಯ ಸಕ್ಕರೆ ರಾಜಕಾರಣವನ್ನು ನೋಡಿದವರಿಗೆ (ನಮ್ಮ ಮನೆಯವರೂ ಸಕ್ಕರೆ ಕಾರ್ಖಾನೆಯ ಷೇರುದಾರರೇ, ಮುಚ್ಚಿಡುವುದೇನು) ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ನಿಪ್ಪಾಣಿಯ ಓದುಗ: ಕಳೆದ ಹಂಗಾಮಿನಲ್ಲಿ ನಮ್ಮ ಹೊಲಕ್ಕೆ ಬಂದ ಮುಕಾದಮನ ವಹಿಯನ್ನು ನಾನೇ ನೋಡಿದೆ. ಹನ್ನೊಂದು ಜೋಡಿಗಳಿದ್ದವು, ಹನ್ನೊಂದೇ ಹೆಸರುಗಳಿದ್ದವು, ಎಲ್ಲವೂ ಗಂಡಸರವು.